ಊರ ವೈದ್ಯರ ಮುಗಿಯದ ಓದು

ವೈದ್ಯನೆಂದರೆ ಓದು ಮುಗಿಸಿ ಬಂದವನು ಎಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ದವಾಖಾನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಬಿಟ್ಟ ಪದವಿಪತ್ರವೇ ಅದಕ್ಕೆ ಸಾಕ್ಷಿ. ಆ ಪತ್ರದ ಕೆಳಗೆ ಕುಳಿತವರು ಮೂವತ್ತು ವರ್ಷಗಳ ಹಿಂದೆ ಕಲಿತದ್ದರಲ್ಲಿ ಎಷ್ಟು ಇಂದಿಗೂ ನಿಂತಿದೆ, ಎಷ್ಟು ಬಿದ್ದುಹೋಗಿದೆ ಎಂದು ನಾವು ಯಾರೂ ಕೇಳುವುದಿಲ್ಲ. ಜ್ವರ ಬಂದು ಬೆಂಚಿನ ಮೇಲೆ ಮುದುಡಿ ಕುಳಿತವನಿಗೆ ಅಂಥ ಪ್ರಶ್ನೆ ಹೊಳೆಯುವುದೂ ಇಲ್ಲ. ಆದರೆ ವೈದ್ಯರು ತಮ್ಮತಮ್ಮಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತ ಬಂದಿದ್ದಾರೆ. ಅದಕ್ಕಾಗಿ ಅವರು ಆಗಾಗ ಸಂಜೆಯ ಹೊತ್ತು ಕೂಡುವುದುಂಟು. ನಿರಂತರ ವೈದ್ಯ ಶಿಕ್ಷಣವೆಂದು ಆ ಕೂಟಗಳಿಗೆ ಭಾರವಾದ ಹೆಸರು, ಬಾಯಿಮಾತಿನಲ್ಲಿ ಸಿ.ಎಂ.ಇ. ಎಂಬ ಮೂರಕ್ಷರ. ಅದರಲ್ಲೂ ಕುಟುಂಬ ವೈದ್ಯರೆಂದು ನಾವು ಕರೆಯುವ, ಎಲ್ಲ ಕಾಯಿಲೆಗೂ ಮೊದಲ ಬಾಗಿಲಾದ ವೈದ್ಯರ ಓದಿನ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಕಲಿಸಿದ ಮೇಷ್ಟರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ, ಅದು ಮುಂದೆ ಬರುತ್ತದೆ.

ನನ್ನ ಊರು ಗೋವಿನಕೋವಿ. ನಾನು ಶಾಲೆಗೆ ಹೋಗುತ್ತಿದ್ದಾಗ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅತ್ತ ಹೋಯಿತು. ನ್ಯಾಮತಿಯನ್ನು ಹೊಸ ತಾಲ್ಲೂಕು ಮಾಡಿದಾಗ ಅದರ ಪಾಲಿಗೆ ಬಂತು. ಊರು ಕದಲಲಿಲ್ಲ, ನಕ್ಷೆ ಮಾತ್ರ ಕದಲಿತು. ಆದರೆ ಎದೆನೋವೆಂದು ಕುಳಿತವನನ್ನು ಶಿವಮೊಗ್ಗಕ್ಕೆ ಒಯ್ಯಬೇಕೋ ದಾವಣಗೆರೆಗೆ ಒಯ್ಯಬೇಕೋ, ಅಥವಾ ಎಲ್ಲಿಗೂ ಒಯ್ಯದೆ ಇಲ್ಲೇ ಒಂದು ಮಾತ್ರೆ ಕೊಟ್ಟರೆ ಸಾಕೋ ಎಂಬುದನ್ನು ನಿರ್ಧರಿಸುವವನು ಜಿಲ್ಲಾಧಿಕಾರಿಯಲ್ಲ, ಹೋಬಳಿಯ ವೈದ್ಯ. ಪಕ್ಕದಲ್ಲಿ ಕೇಳಲು ಇನ್ನೊಬ್ಬರಿಲ್ಲ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾರೆ. ಐದು ನಿಮಿಷದಲ್ಲಿ ನಿರ್ಧಾರವಾಗಬೇಕು. ಆ ಐದು ನಿಮಿಷಕ್ಕೆ ಒದಗುವ ತಿಳಿವಳಿಕೆ ಎಂದಿನದು, ಯಾರಿಂದ ಬಂದದ್ದು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು.

ನಾನು ಬಿ.ಎ. ಓದುತ್ತಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರು ತಿಂಗಳಿಗೊಂದು ದಿನ ದವಾಖಾನೆಗೆ ಬೀಗ ಹಾಕಿ ಬಸ್ಸು ಹತ್ತುತ್ತಿದ್ದರು. ಜನ ಗೊಣಗುತ್ತಿದ್ದರು. 'ಡಾಕ್ಟ್ರು ಮೀಟಿಂಗಿಗೆ ಹೋಗ್ಯಾರಂತೆ' ಎಂಬ ಮಾತಿನಲ್ಲಿ ಅವರೇನೋ ಸಿನಿಮಾಕ್ಕೆ ಹೋದಂಥ ಧ್ವನಿ ಇರುತ್ತಿತ್ತು. ಓದಿ ಬಂದವರಿಗೆ ಇನ್ನೆಂಥ ಓದು ಎಂದು ನಮ್ಮ ಅಜ್ಜಿಯೇ ಕೇಳಿದ್ದುಂಟು. ಅಂಥ ಒಂದು ಮೀಟಿಂಗಿನಿಂದ ಬಂದ ತರುವಾಯ ಆ ಡಾಕ್ಟರು ವಾಂತಿಭೇದಿಯ ಮಕ್ಕಳಿಗೆ ಸೂಜಿ ಚುಚ್ಚುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ ಎಂದರು. ತಾಯಂದಿರಿಗೆ ನಿರಾಶೆಯಾಯಿತು. ದುಡ್ಡು ಕೊಟ್ಟು ಬಂದವರಿಗೆ ಪಾನಕ ಮಾಡುವುದನ್ನು ಹೇಳಿ ಕಳಿಸುವ ಡಾಕ್ಟರು ಎಂಥವರು!

ಆ ಪಾನಕದ ಹಿಂದೆ ದೊಡ್ಡ ಕಥೆಯಿದೆ. ೧೯೭೧ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸರ ಬಳಿ ರಕ್ತನಾಳಕ್ಕೆ ಹಾಯಿಸುವ ಲವಣಜಲ ತೀರಿಹೋಯಿತು. ಅವರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿಗೆ ಬೆರೆಸಿ ಬಾಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ೨೦೨೨ರಲ್ಲಿ ಅವರು ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು. ಈ ತಿಳಿವಳಿಕೆ ಬನಗಾಂವಿನಿಂದ ನಮ್ಮ ತುಂಗಭದ್ರೆಯ ದಂಡೆಗೆ ಬಂದು ಮುಟ್ಟಿದ್ದು ಹೇಗೆ? ಮಧ್ಯೆ ಎಲ್ಲೋ ಒಂದು ಸಭೆಯಲ್ಲಿ ಒಬ್ಬ ವೈದ್ಯ ಹೇಳಿದ, ಇನ್ನೊಬ್ಬ ವೈದ್ಯ ಕೇಳಿದ. ಕೇಳಿ ಬಂದವನು ತನ್ನ ಗಿರಾಕಿಗಳ ಅಸಮಾಧಾನವನ್ನೂ ಎದುರಿಸಿದ. ಆ ಒಂದು ದಿನದ ಬೀಗದಿಂದ ಎಷ್ಟು ಮಕ್ಕಳು ಉಳಿದರೋ ಲೆಕ್ಕವಿಟ್ಟವರಿಲ್ಲ.

ವೈದ್ಯರು ಕೂಡಿ ಮಾತನಾಡಿ ಕಲಿಯಬೇಕೆಂಬುದು ಪಶ್ಚಿಮದಿಂದ ಬಂದ ವಿಚಾರವೆಂದು ತಿಳಿಯಬೇಕಾಗಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ 'ತದ್ವಿದ್ಯಸಂಭಾಷಾ' ಎಂಬ ಸೊಗಸಾದ ಪದವಿದೆ. ಅದೇ ವಿದ್ಯೆಯನ್ನು ಬಲ್ಲವರೊಡನೆ ನಡೆಸುವ ಮಾತುಕತೆ ಎಂದರ್ಥ. ವೈದ್ಯನು ವೈದ್ಯನೊಡನೆ ಮಾತನಾಡಬೇಕು, ಅದರಿಂದ ಸಂದೇಹ ಕಳೆಯುತ್ತದೆ, ಕೇಳಿರದ ವಿಷಯ ಕಿವಿಗೆ ಬೀಳುತ್ತದೆ ಎಂದು ಹೇಳಿ, ಅದರಲ್ಲಿ ಎರಡು ಬಗೆ ಮಾಡಿದ್ದಾರೆ: ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಗೆಲ್ಲಲೆಂದೇ ನಡೆಯುವ ವಿಗೃಹ್ಯ ಸಂಭಾಷೆ. ನಮ್ಮ ವಿಶ್ವವಿದ್ಯಾನಿಲಯಗಳ ವಿಚಾರಸಂಕಿರಣಗಳಲ್ಲಿ ಎರಡನೆಯದೇ ಹೆಚ್ಚಾಗಿ ಕಂಡವನು ನಾನು. ಆ ಮಾತು ಇರಲಿ. ಕನ್ನಡದಲ್ಲಿಯೂ ವೈದ್ಯವನ್ನು ಬರೆದಿಟ್ಟು ಹಂಚುವ ಪರಂಪರೆ ಹಳೆಯದು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಗೆಂದೇ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದ. ಗೋವಿನ ಹೆಸರು ಹೊತ್ತ ಊರಿನವನಾದುದರಿಂದ, ಚಾಲುಕ್ಯ ಮನೆತನದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಗೋವೈದ್ಯ'ವನ್ನೂ ಹೆಸರಿಸದೆ ಮುಂದೆ ಹೋಗಲಾರೆ.

ಇನ್ನು ನಮ್ಮ ಸೀಮೆಯ ಮಾತು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಜನರೂ ವಿಚಿತ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಅದು ಉಣ್ಣೆಯಿಂದ ಹರಡುವ ಹೊಸ ವೈರಾಣುವೆಂದು ಗುರುತಿಸಿದರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಹೆಸರಿನಲ್ಲೇ ನಿಂತಿದೆ. ಅದು ಮುಗಿದ ಕಥೆಯಲ್ಲ. ೨೦೧೮ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಕಾಣಿಸಿಕೊಂಡು ಜೀವಗಳನ್ನು ತೆಗೆದುಕೊಂಡಿತು. ಅದೇ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೫ರ ಸುಮಾರಿಗೆ ಬೆಳಕಿಗೆ ಬಂದ ಕೀಲುಮೂಳೆಗಳ ಕಾಯಿಲೆಯೂ ಅಷ್ಟೆ, ಬೇರೆ ದೇಶದ ಪುಸ್ತಕದಲ್ಲಿ ಓದಿ ತಿಳಿಯುವಂಥದಲ್ಲ. ನಮ್ಮ ಬಯಲಿನ ವೈದ್ಯನಿಗೆ ಘಟ್ಟದ ಅಂಚಿನ ಕಾಯಿಲೆ ಏಕೆ ಎನ್ನುವಂತಿಲ್ಲ. ಕಾಡಿನಂಚಿಗೆ ಕೂಲಿಗೆ ಹೋದವನು ಊರಿಗೆ ಮರಳಿ ಜ್ವರದಿಂದ ಮಲಗಿದರೆ 'ಎಲ್ಲಿಗೆ ಹೋಗಿದ್ದೆಯಪ್ಪಾ?' ಎಂಬ ಒಂದು ಪ್ರಶ್ನೆ ಬೇಕು. ಆ ಪ್ರಶ್ನೆಯನ್ನು ಕೇಳಬೇಕೆಂದು ನೆನಪಿಸುವುದೇ ಒಳ್ಳೆಯ ಕೂಟದ ಲಕ್ಷಣ. ಅಮೆರಿಕದ ಹೊಸ ಮಾತ್ರೆಯ ಬಗ್ಗೆ ಒಂದು ಗಂಟೆ ಬಣ್ಣದ ಚಿತ್ರ ತೋರಿಸಿ ಉಣ್ಣೆಯ ಬಗ್ಗೆ ಐದು ನಿಮಿಷವನ್ನೂ ಕೊಡದ ಸಭೆ ಯಾರಿಗಾಗಿ ಸೇರಿದ್ದು?

ಕಲಿಕೆ ಯಾವಾಗಲೂ ಪಟ್ಟಣದಿಂದ ಹಳ್ಳಿಗೇ ಇಳಿಯಬೇಕೆಂಬ ನಿಯಮವೂ ಇಲ್ಲ. ಕೊಂಕಣದ ಮಹಾಡಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರರು ಕೆಂಪು ಚೇಳು ಕಡಿದವರು ಹೃದಯ ಸೋತು ಸಾಯುವುದನ್ನು ಹಾಸಿಗೆಯ ಪಕ್ಕದಲ್ಲೇ ಕುಳಿತು ನೋಡಿ, ಟಿಪ್ಪಣಿ ಮಾಡಿ, ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆ ಅವರನ್ನು ಉಳಿಸುತ್ತದೆಂದು ಎಂಬತ್ತರ ದಶಕದಲ್ಲಿ ತೋರಿಸಿಕೊಟ್ಟರು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅವರ ಬರಹವನ್ನು ಪ್ರಕಟಿಸಿತು. ೨೦೨೨ರಲ್ಲಿ ಪದ್ಮಶ್ರೀ ಬಂತು. ನಮ್ಮ ಕೂಟಗಳಲ್ಲಿ ಹಳ್ಳಿಯ ವೈದ್ಯನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಕೇಳಿಸುವುದೇ ಹೆಚ್ಚು. ವೇದಿಕೆಗೆ ಕರೆದು 'ನೀವು ಕಂಡದ್ದನ್ನು ಹೇಳಿ' ಎನ್ನುವುದು ಅಪರೂಪ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಭಾರತೀಯ ವೈದ್ಯ ಸಂಘವು ಸಾಮಾನ್ಯ ವೈದ್ಯರಿಗೆಂದೇ ಒಂದು ಕಾಲೇಜನ್ನು ೧೯೬೩ರಲ್ಲಿ ಸ್ಥಾಪಿಸಿತು. ವೈದ್ಯಕೀಯ ಪರಿಷತ್ತು ೨೦೦೨ರ ನಿಯಮಾವಳಿಯಲ್ಲಿ ಐದು ವರ್ಷಕ್ಕೆ ಮೂವತ್ತು ಗಂಟೆಗಳ ಮರುಕಲಿಕೆಯನ್ನು ಹೇಳಿತು. ವರ್ಷಕ್ಕೆ ಆರು ಗಂಟೆ. ಅಮೆರಿಕದ ಸಾಮಾನ್ಯ ವೈದ್ಯರ ಸಂಸ್ಥೆ ೧೯೪೭ರಲ್ಲಿ ಹುಟ್ಟಿದಾಗಲೇ ತನ್ನ ಸದಸ್ಯರಿಗೆ ಮೂರು ವರ್ಷಕ್ಕೆ ನೂರೈವತ್ತು ಗಂಟೆ ವಿಧಿಸಿತ್ತು. ಆದರೆ ಗಂಟೆಯ ಲೆಕ್ಕದಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಮೂರು ದಶಕ ಹಾಜರಿ ಪುಸ್ತಕ ಹಿಡಿದವನು ನಾನು. ಹಾಜರಿ ಕೂಗಿದಾಗ 'ಬಂದಿದ್ದೇನೆ ಸಾರ್' ಎಂದು ಒಬ್ಬನೇ ಮೂರು ಧ್ವನಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಸಹಿ ಮಾಡಿ, ಚಹಾ ಕುಡಿದು, ಪ್ರಮಾಣಪತ್ರ ಮಡಚಿ ಜೇಬಿಗಿಟ್ಟು ಹೊರಟುಹೋಗುವ ಸಂಪ್ರದಾಯ ವಿದ್ಯಾರ್ಥಿಗಳಲ್ಲಿ ಮಾತ್ರ ಇದೆಯೆಂದು ಭ್ರಮಿಸಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದದ್ದು ಊಟದ ಖರ್ಚಿನ ಪ್ರಶ್ನೆ. ಸಭಾಂಗಣದ ಬಾಡಿಗೆ, ಉಪನ್ಯಾಸಕರ ಪ್ರಯಾಣ, ರಾತ್ರಿಯ ಭೋಜನ, ಇವನ್ನೆಲ್ಲ ಬಹುಕಾಲ ಔಷಧ ಕಂಪನಿಗಳೇ ಹೊತ್ತುಕೊಂಡು ಬಂದಿವೆ. ಉಂಡವರು ಬರೆಯುವ ಚೀಟಿಯಲ್ಲಿ ಉಣಿಸಿದವರ ಹೆಸರು ಕಾಣಿಸಿದರೆ ಆಶ್ಚರ್ಯವೇನು? ಆ ಭೋಜನದ ಬೆಲೆಯನ್ನು ಕೊನೆಗೆ ತೆರುವವನು ಗೋವಿನಕೋವಿಯಂಥ ಊರಿನಿಂದ ಬಸ್ಸಿಗೆ ಬಂದ ರೈತ. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಕೂಡದೆಂದು ೨೦೦೯ರ ಡಿಸೆಂಬರಿನಲ್ಲಿ ನಿಯಮ ಬಂತು. ೨೦೨೩ರ ಆಗಸ್ಟ್ ೨ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ಹೊರಡಿಸಿ, ಇಪ್ಪತ್ತೊಂದೇ ದಿನಕ್ಕೆ ತಡೆಹಿಡಿಯಿತು. ಮರುವರ್ಷ ಮಾರ್ಚಿಯಲ್ಲಿ ಔಷಧ ಕಂಪನಿಗಳಿಗೇ ಒಂದು ಸಂಹಿತೆ ಬಂತು. ವಿದೇಶಗಳಲ್ಲಿ ಇಂಥ ಶಿಕ್ಷಣ ಕೂಟ ನಡೆಸಕೂಡದು, ಮಾಡಿದ ಖರ್ಚನ್ನು ಬಯಲಿಗಿಡಬೇಕು ಎಂದಿತು. ತಲೆಗೆ ಇನ್ನೂರು ಮುನ್ನೂರು ರೂಪಾಯಿ ಹಾಕಿಕೊಂಡು ಇಡ್ಲಿ ಕಾಫಿಯಲ್ಲಿ ಮುಗಿಸುವ ಸಭೆಯೇ ಮೇಲೆಂಬುದು ನನ್ನ ಎಣಿಕೆ. ಅಂಥ ಸಭೆಯಲ್ಲಿ ಕಂಪನಿಯ ಮಾತ್ರೆಯನ್ನು ಕೆಟ್ಟದ್ದೆಂದು ಹೇಳುವ ಸ್ವಾತಂತ್ರ್ಯವಾದರೂ ಇರುತ್ತದೆ.

ಕನ್ನಡ ಮೇಷ್ಟರ ಕೆಲಸಕ್ಕೆ ಈಗ ಬರುತ್ತೇನೆ. ನಿವೃತ್ತಿಯ ನಂತರ ಒಮ್ಮೆ ಹತ್ತಿರದ ಪಟ್ಟಣದ ವೈದ್ಯರ ಕೂಟವೊಂದು ನನ್ನನ್ನು ಕರೆಯಿತು. ರೋಗಿಗಳು ಬಳಸುವ ಮಾತುಗಳ ಬಗ್ಗೆ ಹೇಳಿ ಎಂದರು. ಓದು ಇಂಗ್ಲಿಷಿನಲ್ಲಿ, ನೋವು ಕನ್ನಡದಲ್ಲಿ. ನಡುವಣ ಸೇತುವೆಯನ್ನು ಯಾವ ಕಾಲೇಜೂ ಕಟ್ಟಿಕೊಡುವುದಿಲ್ಲ. ನಾನು ಜೋಮು, ಸೆಳೆತ, ತೊಳಸು, ಕಣ್ಣುಕತ್ತಲೆ, ಒಳಜ್ವರ ಎಂದು ಒಂದೊಂದೇ ಪದವನ್ನು ಎತ್ತಿದೆ. 'ಸಂಕಟ' ಎಂಬಲ್ಲಿಗೆ ಬಂದಾಗ ಸಭೆ ಎಚ್ಚರಗೊಂಡಿತು. ಗ್ರಂಥಭಾಷೆಯಲ್ಲಿ ಅದು ದುಃಖ, ಇಕ್ಕಟ್ಟು. ನಮ್ಮ ಕಡೆಯ ಹೆಂಗಸು ಸಂಕಟ ಎಂದರೆ ವಾಂತಿ ಬರುವಂತಾಗುವುದೂ ಆದೀತು, ಎದೆಯಲ್ಲಿ ಹೇಳತೀರದ ಒತ್ತಡವೂ ಆದೀತು. ಒಬ್ಬ ತರುಣ ವೈದ್ಯೆ ಎದ್ದು ನಿಂತು, ಸಂಕಟವೆಂದವರಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುವುದೇ ವಾಡಿಕೆಯಾಗಿದೆ, ಮಧುಮೇಹವಿರುವ ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಹೀಗೇ ಬರಬಹುದು ಎಂದರು. ಬಳಿಕ ಅರ್ಧ ಗಂಟೆ ನನಗೆ ಮಾತಿಲ್ಲ, ಅವರವರೇ ಮಾತನಾಡಿಕೊಂಡರು. ಚರಕನ ಸಂಧಾಯ ಸಂಭಾಷೆಯನ್ನು ನಾನು ಕಣ್ಣಾರೆ ಕಂಡದ್ದು ಅಂದು. ವೃತ್ತಿಯಿಂದ ವೈದ್ಯರಾಗಿದ್ದ ನಮ್ಮ ರಾಶಿಯವರು, ಎಂದರೆ ಡಾ. ಎಂ. ಶಿವರಾಂ ಅವರು, ಮನಸ್ಸಿನ ವ್ಯಾಪಾರಗಳನ್ನು ಕನ್ನಡದಲ್ಲೇ ವಿವರಿಸಿ 'ಮನಮಂಥನ' ಬರೆದು ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಆ ಹಾದಿ ಹುಲ್ಲು ಬೆಳೆದು ಮುಚ್ಚಿಹೋಗಿದೆಯೆಂದು ನನಗೆ ಬೇಸರ.

ಅಂದಿನ ಸಭೆಯಲ್ಲಿ ಹೃದಯದ ಮಾತು ಬಂದಾಗ ಹಲವರು ತಮ್ಮ ಫೋನು ತೆಗೆದು ತೋರಿಸಿದರು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ೨೦೧೮ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಹೆಸರಿನಲ್ಲಿ ಹಳ್ಳಿಯ ವೈದ್ಯರನ್ನು ವಾಟ್ಸ್ಆಪ್ ಬಳಗಗಳಲ್ಲಿ ಕೂಡಿಸಿ, ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿದ್ದನ್ನು ಕೇಳುಗರಲ್ಲಿ ಕೆಲವರು ಬಲ್ಲಿರಿ. ಹಳ್ಳಿಯ ವೈದ್ಯ ಪಟ್ಟಿಯ ಚಿತ್ರ ಕಳಿಸುತ್ತಾನೆ, ತಜ್ಞರು ಕೂತಲ್ಲಿಂದಲೇ ಓದಿ ಹೇಳುತ್ತಾರೆ. ೨೦೨೩ರಲ್ಲಿ ಸರ್ಕಾರ ಪುನೀತ್ ರಾಜಕುಮಾರರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಆಯ್ದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಮದ್ದು ಎಲ್ಲಿದೆ, ಎಷ್ಟು ಹೊತ್ತಿನೊಳಗೆ ಕೊಡಬೇಕು ಎಂಬುದು ಮೊದಲು ನೋಡುವ ವೈದ್ಯನಿಗೆ ತಿಳಿಯದಿದ್ದರೆ ಉಚಿತವಾದದ್ದೂ ವ್ಯರ್ಥ. ಆದರೆ ಫೋನಿನ ಬಳಗವೊಂದೇ ಸಾಕೆನ್ನಲಾರೆ. ಅಲ್ಲಿ ಉತ್ತರ ಸಿಗುತ್ತದೆ. 'ನನಗೂ ಹೀಗೆಯೇ ಆಗಿತ್ತು, ಮೂರು ದಿನ ನಿದ್ದೆ ಬರಲಿಲ್ಲ' ಎಂದು ಪಕ್ಕದ ಊರಿನ ವೈದ್ಯ ತಗ್ಗಿದ ದನಿಯಲ್ಲಿ ಹೇಳುವುದು ಎದುರುಬದುರು ಕುಳಿತಾಗ ಮಾತ್ರ.

ಸಭೆ ಮುಗಿಯುವ ಮುನ್ನ ಮುಂದಿನ ತಿಂಗಳಿಗೆ ಹಾವಿನ ಕಡಿತವೆಂದು ನಿಶ್ಚಯವಾಯಿತು. ೨೦೨೪ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿದೆಯಷ್ಟೆ. ಕಡಿತಕ್ಕೊಳಗಾದವನ ರಕ್ತವನ್ನು ಗಾಜಿನ ನಳಿಗೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ನೋಡುವ ಪರೀಕ್ಷೆಯ ಮಾತು ಬಂತು. ಹಿರಿಯ ವೈದ್ಯರೊಬ್ಬರು, ಎಪ್ಪತ್ತು ದಾಟಿದವರು, ಪ್ಲಾಸ್ಟಿಕ್ ನಳಿಗೆಯಾದರೆ ನಡೆದೀತೇ ಎಂದು ಕೇಳಿದರು. ನಡೆಯದು, ಗಾಜಿನದೇ ಬೇಕು, ಒಣಗಿರಬೇಕು, ಸೋಪಿನ ಪುಡಿಯಲ್ಲಿ ತೊಳೆದಿರಕೂಡದು ಎಂದು ಹಿಂದಿನ ಸಾಲಿನಿಂದ ಒಬ್ಬರು ಹೇಳಿದರು. ಹಿರಿಯರು ಜೇಬಿನಿಂದ ಕಿರುಪುಸ್ತಕ ತೆಗೆದು ಅದನ್ನು ಕನ್ನಡದಲ್ಲಿ ಬರೆದುಕೊಂಡರು.