ಎಂ.ಪಿ. ಅಂದರೆ ಮದುವೆ ಮನೆಗೆ ಬರುವ ಗಣ್ಯರಲ್ಲ!

(ಬೆಂಗಳೂರಿನಲ್ಲಿ ನಡೆದ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಬೇರೆಯವರ ಭಾಷಣವನ್ನು ಅಚ್ಚು ಹಾಕಿ ಅಭ್ಯಾಸ. ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಬಂದವನು ಇವತ್ತಿಗೂ ಅಲ್ಲೇ ಇದ್ದೇನೆ. ಆದರೆ ಒಂದು ಮಾತು. ಚುನಾವಣೆ ಬಂದಾಗ ಎಲ್ಲ ಪಕ್ಷದವರ ಕರಪತ್ರವನ್ನೂ ಎಲ್ಲರಿಗಿಂತ ಮೊದಲು ಓದುವವರು ನಾವು, ಪ್ರೆಸ್ಸಿನವರು. ಪ್ರೂಫ್ ತಿದ್ದಬೇಕಲ್ಲ!

ಆ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಕರ ಹೆಸರು, ವಿಳಾಸ ಇರುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127-ಎ ಕಲಂ ಅದನ್ನು ಕಡ್ಡಾಯ ಮಾಡಿದೆ. ಹಾಕದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನೋಡಿ ಹೇಗಿದೆ! ಆಶ್ವಾಸನೆ ಅಚ್ಚು ಹಾಕಿದವನಿಗೆ ಜೈಲಿನ ಭಯ ಉಂಟು. ಆಶ್ವಾಸನೆ ಕೊಟ್ಟು ಮರೆತವನಿಗೆ ಯಾವ ಕಲಮೂ ಇಲ್ಲ. ಅವನಿಗಿರುವುದು ನಮ್ಮ ನಿಮ್ಮ ಭಯ ಮಾತ್ರ. ಆ ಭಯವನ್ನು ನಾವು ಹುಟ್ಟಿಸಿದ್ದೇವೆಯೇ? ಇವತ್ತಿನ ನನ್ನ ಮಾತು ಇಷ್ಟೇ.

ಚರಂಡಿ ಯಾರದ್ದು, ರೈಲು ಯಾರದ್ದು?

ಲೋಕಸಭೆಗೆ ನಿಂತವರ ಕರಪತ್ರದಲ್ಲಿ ಏನಿರುತ್ತದೆ ಗೊತ್ತೇ? ಚರಂಡಿ, ಬೀದಿ ದೀಪ, ಪಾರ್ಕು. ಇವೆಲ್ಲ ಪಾಲಿಕೆಯ ಕೆಲಸ. ತಪ್ಪು ಅವರೊಬ್ಬರದ್ದೇ ಅಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜನ ಯಾರ ಹತ್ತಿರ ಹೋಗಬೇಕು? ಸಿಕ್ಕವರ ಕೈಗೆ ಅರ್ಜಿ ಕೊಟ್ಟರು.

ಆದರೆ ಚರಂಡಿಯನ್ನು ಎಂ.ಪಿ. ತಲೆಗೆ ಕಟ್ಟಿದರೆ ಅವರಿಗೇ ಒಳ್ಳೆಯದು. 'ಅದು ನನ್ನ ವ್ಯಾಪ್ತಿಗೆ ಬರೋಲ್ಲ' ಎಂದು ಕೈ ತೊಳೆದುಕೊಳ್ಳಬಹುದು. ಅವರ ವ್ಯಾಪ್ತಿಗೆ ಬರುವುದನ್ನು ಕೇಳಿ, ಆಗ ನೋಡಿ! ರೈಲು, ಬ್ಯಾಂಕು, ಅಂಚೆ, ಪಾಸ್‌ಪೋರ್ಟು, ಪ್ರಾವಿಡೆಂಟ್ ಫಂಡು, ವಿಮಾನ ನಿಲ್ದಾಣ, ರಾಷ್ಟ್ರೀಯ ಹೆದ್ದಾರಿ, ಕೇಂದ್ರ ಸರ್ಕಾರದ ನೌಕರಿ ಪರೀಕ್ಷೆ. ಇವುಗಳಲ್ಲಿ ನಮಗೆ ಅನ್ಯಾಯವಾದರೆ ದಿಲ್ಲಿಯಲ್ಲಿ ಎದ್ದು ನಿಂತು ಕೇಳಲೆಂದೇ ನಾವು 28 ಜನರನ್ನು ಲೋಕಸಭೆಗೆ ಕಳಿಸುತ್ತೇವೆ. ರಾಜ್ಯಸಭೆಯಲ್ಲಿ ಇನ್ನೂ 12 ಜನ. ಒಟ್ಟು 40 ಬಾಯಿ. ಎಷ್ಟು ಬಾಯಿ ತೆರೆಯುತ್ತವೆ?

ಐದು ಕೋಟಿಯ ಲೆಕ್ಕ

ಮೊದಲು ದುಡ್ಡಿನ ವಿಷಯ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಶುರುವಾದದ್ದು 1993ರ ಡಿಸೆಂಬರಿನಲ್ಲಿ. ಆ ವರ್ಷ ಒಬ್ಬ ಸದಸ್ಯರಿಗೆ 5 ಲಕ್ಷ, ಮರುವರ್ಷ 1 ಕೋಟಿ, 1998-99ರಿಂದ 2 ಕೋಟಿ, 2011-12ರಿಂದ 5 ಕೋಟಿ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ನಿಲ್ಲಿಸಿದ್ದರು. 2021ರ ನವೆಂಬರಿನಲ್ಲಿ ಮತ್ತೆ ಶುರು ಮಾಡಿದರು.

ಈ ಹಣದಲ್ಲಿ ಒಂದು ಪೈಸೆಯೂ ಎಂ.ಪಿ. ಜೇಬಿಗೆ ಬರುವುದಿಲ್ಲ. ಅವರು ಕೆಲಸ ಸೂಚಿಸಿ ಪತ್ರ ಬರೆಯುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ಹಾಗಿದ್ದ ಮೇಲೆ ಬಸ್ ತಂಗುದಾಣದ ಮೇಲೆ 'ಮಾನ್ಯ ಸಂಸದರ ಕೊಡುಗೆ' ಎಂದು ಬರೆಸುವುದು ಯಾವ ಲೆಕ್ಕ? ಕೊಡುಗೆ ನಿಮ್ಮದು. ನೀವು ಕಟ್ಟಿದ ತೆರಿಗೆ.

ಇನ್ನೊಂದು ಲೆಕ್ಕ ಹಾಕಿ. ನಮ್ಮ ರಾಜ್ಯದ ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ. ಐದು ಕೋಟಿಯನ್ನು ಎಂಟಕ್ಕೆ ಹಂಚಿದರೆ ಒಂದಕ್ಕೆ ವರ್ಷಕ್ಕೆ 62 ಲಕ್ಷದ 50 ಸಾವಿರ. ಈಗಿನ ಕಾಲದಲ್ಲಿ ಎರಡು ರಸ್ತೆಗೂ ಸಾಲದು. ಅಂದರೆ ಎಂ.ಪಿ.ಯ ನಿಜವಾದ ಬಲ ಈ ನಿಧಿಯಲ್ಲಿಲ್ಲ. ಬಸ್ ತಂಗುದಾಣ ತೋರಿಸಿ ಐದು ವರ್ಷದ ಲೆಕ್ಕ ಮುಗಿಸಿದರೆ ಒಪ್ಪಬೇಡಿ.

ಬಲ ಇರುವುದು ಪ್ರಶ್ನೆಯಲ್ಲಿ

ಲೋಕಸಭೆಯಲ್ಲಿ ಪ್ರಶ್ನೋತ್ತರವಿರುವ ದಿನ 20 ಚುಕ್ಕೆ ಗುರುತಿನ ಪ್ರಶ್ನೆ ಪಟ್ಟಿಯಲ್ಲಿರುತ್ತವೆ. ಸರದಿ ಬಂದ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದವು 230; ಅವಕ್ಕೆ ಬರಹದಲ್ಲಿ ಉತ್ತರ. ಇದಲ್ಲದೆ ಶೂನ್ಯವೇಳೆ ಇದೆ, 377ನೇ ನಿಯಮ ಇದೆ. ನಿಮ್ಮ ಎಂ.ಪಿ. ಮಂತ್ರಿಯಾಗಿದ್ದರೆ ಮಾತ್ರ ಪ್ರಶ್ನೆ ಕೇಳುವ ಹಾಗಿಲ್ಲ. ಉಳಿದವರಿಗೆ ಯಾವ ನೆಪವೂ ಇಲ್ಲ. ಯಾರು ಏನು ಕೇಳಿದರು, ಮಂತ್ರಿ ಏನು ಹೇಳಿದರು ಎಂಬುದು ಎಲ್ಲರಿಗೂ ನೋಡಲು ಸಿಗುವ ದಾಖಲೆ. ಕ್ರಿಕೆಟ್ ಸ್ಕೋರು ನೋಡುವ ನೀವು ಇದನ್ನೂ ಒಮ್ಮೆ ನೋಡಿ.

ಕೇಳಿದರೆ ಏನಾಗುತ್ತದೆ ಅನ್ನುವವರಿಗೆ ಒಂದು ಉದಾಹರಣೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ನಡೆಯುತ್ತಿತ್ತು. ಹಳ್ಳಿಯ ರೈತನ ಜೊತೆ ಕನ್ನಡದಲ್ಲಿ ವ್ಯವಹರಿಸುವ ಕೆಲಸಕ್ಕೆ ಕನ್ನಡದಲ್ಲಿ ಪರೀಕ್ಷೆ ಇಲ್ಲ! ಕನ್ನಡ ಸಂಘಟನೆಗಳು ಬೀದಿಯಲ್ಲಿ ಕೂಗಿದವು, ಹುಡುಗರು ಅರ್ಜಿ ಬರೆದರು. 2019ರಲ್ಲಿ ಜಿ.ಸಿ. ಚಂದ್ರಶೇಖರ್ ರಾಜ್ಯಸಭೆಯಲ್ಲಿ ಈ ವಿಷಯ ಎತ್ತಿದರು. ಅದೇ ವರ್ಷ ಜುಲೈಯಲ್ಲಿ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಆ ಪರೀಕ್ಷೆ ನಡೆಸುವುದಾಗಿ ಸಂಸತ್ತಿನಲ್ಲಿ ಘೋಷಿಸಿದರು. ಅವರೂ ಆಗ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಕೇಳಿದವರು ಒಂದು ಪಕ್ಷ, ಕೊಟ್ಟವರು ಇನ್ನೊಂದು ಪಕ್ಷ. ಲಾಭ ಕನ್ನಡದ ಹುಡುಗರಿಗೆ.

ಬಾಗಿಲು ಒಮ್ಮೆ ತೆರೆದರೆ ಮತ್ತೆ ಮತ್ತೆ ತೆರೆಯುತ್ತದೆ. 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಇದೇ ತೀರ್ಮಾನವಾಯಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್ಸ್‌ಟೇಬಲ್ ಪರೀಕ್ಷೆ 2024ರಲ್ಲಿ ಕನ್ನಡದಲ್ಲೂ ನಡೆಯಿತು. ಆದರೆ ಬ್ಯಾಂಕ್ ಆಫೀಸರ್, ಅಂದರೆ ಪಿ.ಓ. ಪರೀಕ್ಷೆ 2025ರಲ್ಲೂ ಇಂಗ್ಲಿಷ್, ಹಿಂದಿಯಲ್ಲೇ ಆಯಿತು. ಗುಮಾಸ್ತನಾಗಲು ಕನ್ನಡ ಸಾಕು, ಸಾಹೇಬನಾಗಲು ಸಾಲದು! ಇದನ್ನು ಕೇಳಬೇಕಾದವರು ಯಾರು? ಅದೇ 40 ಜನ.

ಅಜ್ಜಿಯ ಚಲನ್

ನಮ್ಮ ಪ್ರೆಸ್ಸಿನ ಹತ್ತಿರ ಒಂದು ಬ್ಯಾಂಕ್ ಶಾಖೆ ಇದೆ. ಹೆಸರು ಬೇಡ. ಅಲ್ಲಿಗೆ ಹೂ ಮಾರುವ ಅಜ್ಜಿಯೊಬ್ಬರು ವಾರಕ್ಕೊಮ್ಮೆ ದುಡ್ಡು ಕಟ್ಟಲು ಬರುತ್ತಾರೆ. ಅವರಿಗೆ ಕನ್ನಡ ಓದಲು, ಬರೆಯಲು ಚೆನ್ನಾಗಿ ಬರುತ್ತದೆ. ಚಲನ್ ಮಾತ್ರ ಎರಡೇ ಭಾಷೆಯಲ್ಲಿದೆ, ಎರಡೂ ಅವರದ್ದಲ್ಲ. 'ಅಣ್ಣಾ, ಇದೊಂಚೂರು ಬರ್ಕೊಡಪ್ಪಾ' ಎಂದು ನನ್ನ ಅಂಗಡಿಗೆ ಬರುತ್ತಾರೆ. ಅಕ್ಷರ ಬಲ್ಲವರನ್ನು ತಮ್ಮ ಊರಿನಲ್ಲೇ ಅನಕ್ಷರಸ್ಥರನ್ನಾಗಿ ಮಾಡುವುದು ಅಂದರೆ ಇದು.

ಇದರಲ್ಲಿ ತಮಾಷೆ ಏನು ಗೊತ್ತೇ? ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚಲನ್, ಪಾಸ್‌ಬುಕ್ಕು, ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆ, ಹೀಗೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ನಾವು ಭಿಕ್ಷೆ ಕೇಳುತ್ತಿಲ್ಲ. ಅವರದೇ ನಿಯಮ ಪಾಲಿಸಿ ಅನ್ನುತ್ತಿದ್ದೇವೆ.

ಖರ್ಚು ಹೆಚ್ಚಾಗುತ್ತದೆ ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ. ನಾನು ಪ್ರೆಸ್ಸಿನವನು. ಕಾಗದ ಅದೇ, ಶಾಯಿ ಅದೇ, ಪ್ಲೇಟು ಅದೇ. ಒಂದು ಸಾಲು ಕನ್ನಡ ಸೇರಿಸಿದರೆ ಮೆಷಿನ್ನಿಗೆ ಏನೂ ಭಾರವಾಗುವುದಿಲ್ಲ. ಭಾರವಾಗುವುದು ಕೆಲವರ ಮನಸ್ಸಿಗೆ.

'ನಮಗೆ ಹಿಂದಿ ಬರೋಲ್ಲ' ಎಂಬ ನೆಪ

ದಿಲ್ಲಿಯಲ್ಲಿ ಭಾಷೆ ಅಡ್ಡ ಬರುತ್ತದೆ ಎಂದು ಕೆಲವು ಸಂಸದರು ಹೇಳುತ್ತಾರೆ. ಇತಿಹಾಸ ಓದಲಿ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಹಾಗೆ ಮಾತಾಡಿದವರಲ್ಲಿ ಅವರೇ ಮೊದಲಿಗರು. ಸಂವಿಧಾನದ 120ನೇ ವಿಧಿ, ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾಗದ ಸದಸ್ಯ ಸಭಾಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತಾಡಬಹುದು ಎನ್ನುತ್ತದೆ. ಈಗಂತೂ ಕನ್ನಡದ ಮಾತನ್ನು ಆ ಕ್ಷಣದಲ್ಲೇ ಅನುವಾದಿಸುವ ವ್ಯವಸ್ಥೆ ಎರಡೂ ಸದನಗಳಲ್ಲಿದೆ. ನೆಪ ಮುಗಿಯಿತು.

ಮನಸ್ಸು ಮಾಡಿದವರು ಮಾಡಿದ್ದಾರೆ, ಅದನ್ನೂ ಹೇಳಬೇಕು. ಬೆಂಗಳೂರಿನಿಂದ ಆರಿಸಿ ಹೋಗಿದ್ದ ಜಾಫರ್ ಷರೀಫರು 1991ರಿಂದ 1995ರವರೆಗೆ ರೈಲ್ವೆ ಮಂತ್ರಿಯಾಗಿದ್ದಾಗ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆ ವೇಗ ಕೊಟ್ಟರು. ಹೈದರಾಬಾದ್ ಕರ್ನಾಟಕಕ್ಕೆ 371-ಜೆ ಬೇಕೆಂಬ ಹೋರಾಟ ಹಿಂದೊಮ್ಮೆ ತಿರಸ್ಕಾರ ಕಂಡಿತ್ತು. ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯ ಸಂಸದರಾಗಿ, ಕೇಂದ್ರ ಮಂತ್ರಿಯಾಗಿದ್ದಾಗ, 2012ರ ಡಿಸೆಂಬರಿನಲ್ಲಿ ಸಂಸತ್ತು ಅದಕ್ಕೆ ತಿದ್ದುಪಡಿ ಒಪ್ಪಿತು. ಇವತ್ತು ಆ ಭಾಗದ ಹುಡುಗರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಗುತ್ತಿದೆ. ಹುಬ್ಬಳ್ಳಿಯಲ್ಲಿ ಕೂಗೆದ್ದ ಮೇಲೆ ತಾನೇ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂದು 2003ರ ಏಪ್ರಿಲ್ 1ರಂದು ವಲಯ ಶುರುವಾದದ್ದು? ಬೀದಿಯ ಕೂಗೂ ಬೇಕು, ಸದನದ ದನಿಯೂ ಬೇಕು.

ಈಗ ನೀವು ಮಾಡಬೇಕಾದ್ದು

ಒಂದು, ಎಂ.ಪಿ.ಗೆ ಪತ್ರ ಬರೆಯಿರಿ. ಒಂದು ಪತ್ರಕ್ಕೆ ಒಂದೇ ವಿಷಯ. ಯಾವ ಕಚೇರಿ, ಯಾವ ತಾರೀಖು, ಏನಾಯಿತು. ಜೊತೆಗೆ ಜೆರಾಕ್ಸ್ ಪ್ರತಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. 'ಇಲಾಖೆಗೆ ನೀವು ಬರೆದ ಪತ್ರದ ಪ್ರತಿ ನಮಗೂ ಕೊಡಿ' ಎಂದು ಕೇಳಿ. 'ನೋಡೋಣ' ಎಂಬ ಬಾಯಿ ಮಾತಿಗೆ ಬೆಲೆಯಿಲ್ಲ.

ಎರಡು, ಕೇಂದ್ರ ಯೋಜನೆಗಳನ್ನು ಪರಿಶೀಲಿಸಲು ಜಿಲ್ಲೆಗೊಂದು 'ದಿಶಾ' ಸಮಿತಿ ಇದೆ. 2016ರಲ್ಲಿ ಬಂದದ್ದು. ಅಧ್ಯಕ್ಷತೆ ಲೋಕಸಭಾ ಸದಸ್ಯರದ್ದು. ಮೂರು ತಿಂಗಳಿಗೊಮ್ಮೆ ಸೇರಬೇಕು. ಸೇರಿತೇ ಎಂದು ಕೇಳಿ.

ಮೂರು, ನಿಧಿಯ ಲೆಕ್ಕ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಕಟ್ಟಿ ಜಿಲ್ಲಾಧಿಕಾರಿ ಕಚೇರಿಯಿಂದ ಕಾಮಗಾರಿ ಪಟ್ಟಿ ತೆಗೆಸಿ. ಪಟ್ಟಿ ಹಿಡಿದುಕೊಂಡು ಜಾಗಕ್ಕೆ ಹೋಗಿ ನೋಡಿ.

ನಾಲ್ಕು, ಓಟು. ಇದನ್ನು ಹೇಳಲು ಬೇಸರವಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಮತದಾನ ನೂರಕ್ಕೆ 81 ದಾಟಿತು. ನಮ್ಮ ಬೆಂಗಳೂರು ದಕ್ಷಿಣ, ಕೇಂದ್ರ, ಉತ್ತರದಲ್ಲಿ 53, 54. ಕಬ್ಬಿನ ಗದ್ದೆಯಿಂದ ನಡೆದು ಬಂದು ಓಟು ಹಾಕಿದವರು ಅವರು. ಬೂತು ಪಕ್ಕದ ಬೀದಿಯಲ್ಲಿದ್ದರೂ ಹೋಗದವರು ನಾವು. ಅರ್ಧ ಊರು ಮನೆಯಲ್ಲೇ ಮಲಗಿದ್ದರೆ ಎಂ.ಪಿ. ಯಾರಿಗೆ ಹೆದರಬೇಕು?

ಎಂ.ಪಿ. ನಮ್ಮ ಮನೆಯ ಮದುವೆಗೆ ಬಂದು ಅಕ್ಷತೆ ಹಾಕಿ ಫೋಟೋ ತೆಗೆಸಿಕೊಂಡರೆ ಸಂತೋಷವೇ, ಬೇಡ ಅನ್ನುವುದಿಲ್ಲ. ಊಟ ಹಾಕೋಣ. ಆದರೆ ಎಲೆ ಎತ್ತುವ ಮೊದಲು ಕೇಳೋಣ: 'ಅಣ್ಣಾ, ಈ ಅಧಿವೇಶನದಲ್ಲಿ ನಮ್ಮ ಪರವಾಗಿ ಎಷ್ಟು ಪ್ರಶ್ನೆ ಕೇಳಿದ್ರಿ?'

ಹೀಗೆ ಕೇಳುವ ಹುಡುಗರು ಬೀದಿಗೆ ಹತ್ತು ಜನ ಹುಟ್ಟಿಕೊಂಡರೆ ಸಾಕು, ಮುಂದಿನ ಚುನಾವಣೆಯ ಕರಪತ್ರ ಬದಲಾಗುತ್ತದೆ. ಅದನ್ನು ಅಚ್ಚು ಹಾಕಲು ನಾನು ಸಿದ್ಧನಿದ್ದೇನೆ.

ಜೈ ಕರ್ನಾಟಕ!