ಮುಳ್ಳುಬೇಲಿ ಹಾಕಿ ‘ಯಾರೂ ಬರಲಿಲ್ಲ’ ಎನ್ನುವವರು!

(ಸಂತೆಕಲ್ಲೂರಿನ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)

ಸಂತೆಕಲ್ಲೂರಿನ ಹಿರಿಯರೇ, ಪಟ್ಟಣಗಳಿಂದ ಬಂದಿರುವ ಕನ್ನಡದ ತರುಣರೇ,

ಇಂದು ಕನ್ನಡವನ್ನು ಯಾರೂ ನಿಷೇಧಿಸಿಲ್ಲ. ಆದರೂ ಜನ ಕನ್ನಡ ಬಿಡುತ್ತಿದ್ದಾರೆ. ‘ಅವರಿಗೇ ಬೇಡವಾಗಿದೆ’ ಎಂದು ದೊಡ್ಡವರು ಹೇಳುತ್ತಾರೆ. ಸುಳ್ಳು! ಬೇಡವಾಗುವಂತೆ ಮಾಡಲಾಗಿದೆ.

ಈ ಸೀಮೆಯ ಇತಿಹಾಸವನ್ನೇ ನೋಡಿ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಹಿರಿಯರು ನಿಜಾಮರ ಆಡಳಿತದಲ್ಲಿದ್ದರು. ಮನೆಯಲ್ಲಿ ಕನ್ನಡ ಮಾತಾಡಲು ಅಡ್ಡಿ ಇರಲಿಲ್ಲ. ಆದರೆ ಕಚೇರಿಯ ಭಾಷೆ ಉರ್ದು, ಕೋರ್ಟಿನ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ನೌಕರಿಯ ಆಸೆ ಇದ್ದ ತಂದೆ ಮಗನಿಗೆ ಏನು ಕಲಿಸಿಯಾನು? ತಪ್ಪು ಉರ್ದುವಿನದಲ್ಲ, ಅದು ನಮ್ಮ ನೆರೆಯವರ ನುಡಿ. ಒಂದೇ ಬಾಗಿಲು ತೆರೆದಿಟ್ಟ ಆಡಳಿತದ್ದು ತಪ್ಪು.

ಈಗ ಬ್ಯಾಂಕಿನ ಕೌಂಟರಿಗೆ ಬನ್ನಿ. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಇಂಗ್ಲಿಷ್, ಹಿಂದಿಯ ಜೊತೆ ಕನ್ನಡದಲ್ಲೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಚೆಕ್ಕನ್ನೂ ಕನ್ನಡದಲ್ಲಿ ಬರೆಯಬಹುದು. ನಿಮ್ಮಲ್ಲಿ ಎಷ್ಟು ಜನ ಬರೆದಿದ್ದೀರಿ? ಎಷ್ಟೋ ಕಡೆ ಕನ್ನಡದಲ್ಲಿ ತುಂಬಿದ ಚೀಟಿ ಕಂಡರೆ ಗುಮಾಸ್ತರ ಮುಖ ಗಂಟಾಗುತ್ತದೆ, ‘ನಾಳೆ ಬಾ’ ಎಂಬ ಉತ್ತರ ಬರುತ್ತದೆ. ಒಂದು ದಿನದ ಕೆಲಸ ಕೆಟ್ಟ ರೈತ ಮುಂದಿನ ಸಲ ಯಾರ ಕೈಕಾಲು ಹಿಡಿದಾದರೂ ಇಂಗ್ಲಿಷಿನಲ್ಲಿ ಬರೆಸುತ್ತಾನೆ. ಹಕ್ಕು ಕಾಗದದ ಮೇಲೆ ಉಳಿಯಿತು, ಕನ್ನಡ ಕೌಂಟರಿನಲ್ಲಿ ಸತ್ತಿತು!

ನನ್ನ ಪ್ರೆಸ್ಸಿಗೆ ಬರುವ ಅಂಗಡಿಯವರೂ ಹೀಗೆಯೇ. ‘ಬಿಲ್ ಬುಕ್ ಇಂಗ್ಲಿಷಿನ್ಯಾಗ ಇರ್ಲಿರೀ ಅಣ್ಣಾರ, ಸುಮ್ನ ತಕರಾರು ಯಾಕ’ ಅನ್ನುತ್ತಾರೆ. ಅವರು ಕನ್ನಡದ್ರೋಹಿಗಳಲ್ಲ, ತಕರಾರಿಗೆ ಅಂಜಿದವರು. ಅವರನ್ನು ಬೈದು ಫಲವಿಲ್ಲ. ಅಂಜಿಕೆಯ ಬೇರು ಕೀಳಬೇಕು.

ಬೇರು ಕೀಳಲು ಸಾಧ್ಯ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇದ್ದಾಗ ಹಳ್ಳಿಯ ಹುಡುಗರು ‘ನಮಗಲ್ಲ ಬಿಡು’ ಎಂದು ಹಿಂದೆ ಸರಿಯುತ್ತಿದ್ದರು. ಕನ್ನಡಿಗರು ದನಿ ಎತ್ತಿದರು. 2019ರಲ್ಲಿ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ಸಿಕ್ಕಿತು. ಹುಡುಗರು ಅವರೇ, ಬದಲಾದದ್ದು ಬಾಗಿಲು!

ತರುಣರೇ, ಬರೀ ಘೋಷಣೆ ಸಾಲದು. ಈ ವಾರವೇ ಒಂದು ಚೆಕ್ಕು ಕನ್ನಡದಲ್ಲಿ ಬರೆಯಿರಿ. ಕನ್ನಡದ ಚೀಟಿ ಇಲ್ಲವೆಂದರೆ ಮ್ಯಾನೇಜರಿಗೆ ಲಿಖಿತ ದೂರು ಕೊಡಿ, ಸಹಿ ಹಾಕಿದ ನಕಲು ಪಡೆಯಿರಿ. ಕೌಂಟರಿನಲ್ಲಿ ಹಿಂಜರಿದು ನಿಂತ ರೈತನ ಪಕ್ಕ ನಿಲ್ಲಿ. ಅವನಿಗೆ ಬೇಕಾದದ್ದು ಉಪದೇಶವಲ್ಲ, ಜೊತೆ.

ಸಿರಿಗನ್ನಡಂ ಗೆಲ್ಗೆ!