ಬುನಾದಿಯ ಮಾತು



ಮನೆ ಕಟ್ಟುವವರು ನಮ್ಮನ್ನು ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗಿರಬೇಕೆಂದು. ಮೊದಲು ನೆಲವನ್ನು ಕೇಳಿರೆಂದು ನಾವು ಹೇಳುತ್ತೇವೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಸೀಮೆಯಲ್ಲಿ ಎರೆಭೂಮಿ ಬಹಳ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಜೋಳಕ್ಕೆ, ಹತ್ತಿಗೆ ಅದು ತಾಯಿ. ಗೋಡೆಗೆ ಮಾತ್ರ ನಂಬಿಗಸ್ತ ನೆಲವಲ್ಲ. 2 ಅಡಿ ಅಗೆದು ಕಲ್ಲಿಟ್ಟರೆ ಕೆಲವೇ ಮಳೆಗಾಲಗಳಲ್ಲಿ ಕಿಟಕಿಯ ಮೂಲೆಯಿಂದ ಬಿರುಕು ಏಳಬಹುದು. ಆ ಬಿರುಕಿಗೆ ಸುಣ್ಣ ಬಳಿದರೆ ಫಲವೇನು?

ಎರೆ ಮುಗಿದು ಗಟ್ಟಿ ಗರಸು ಸಿಗುವವರೆಗೆ ಅಗೆಯಿರಿ. ಅದು ಬಹಳ ಆಳದಲ್ಲಿದ್ದರೆ ಸುಮಾರು 3.5 ಮೀಟರು ಇಳಿಸಿ, ಬುಡ ಅಗಲ ಮಾಡಿದ ಕಾಂಕ್ರೀಟು ಕಂಬಗಳ ಮೇಲೆ ಕಟ್ಟುವ ವಿಧಾನವುಂಟು. ಬಲ್ಲ ಎಂಜಿನಿಯರನ್ನು ಕೇಳಿರಿ. ಅಗೆದ ಎರೆಯನ್ನು ಹೊಲಕ್ಕೆ ಹಾಕಿರಿ, ಮನೆಯೊಳಗೆ ತುಂಬಬೇಡಿರಿ. ಗರಸನ್ನು ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಪದರು ಪದರಾಗಿ ದಿಮ್ಮಸು ಹೊಡೆಸಿರಿ.

ಇನ್ನೊಂದು ಮಾತು. ತಗ್ಗಿನೊಳಗೆ ಇಳಿದವನೂ ಒಬ್ಬ ತಾಯಿಯ ಮಗ. ಬದಿಯ ಮಣ್ಣು ಕುಸಿಯಲು ಒಂದು ಕ್ಷಣ ಸಾಕು. ಅಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿಸಿರಿ. 5 ಅಡಿಗಿಂತ ಆಳವಾದರೆ ಬದಿಗೆ ಹಲಗೆಯ ಆಸರೆ ಕೊಡಿಸಿರಿ, ಏಣಿ ಇಡಿಸಿರಿ. ಮಳೆ ಬಿದ್ದ ದಿನ ಯಾರನ್ನೂ ಇಳಿಸಬೇಡಿರಿ. ಒಂದು ದಿನದ ಕೂಲಿ ಉಳಿಸಹೋಗಿ ಒಂದು ಮನೆಯ ದೀಪ ಆರಿಸಬಾರದು.

ಬುನಾದಿಯ ಖರ್ಚು ಯಾರ ಕಣ್ಣಿಗೂ ಬೀಳದು. ಅದಕ್ಕೇ ಜನ ಅಲ್ಲಿ ಕೈ ಬಿಗಿಹಿಡಿದು, ಮುಂಬಾಗಿಲಿನ ಕೆತ್ತನೆಗೆ ಸುರಿಯುತ್ತಾರೆ. ಕೆತ್ತನೆ ಮುಂದಿನ ವರುಷವೂ ಆದೀತು. ಗೋಡೆ ಎದ್ದ ಮೇಲೆ ಬುನಾದಿಯನ್ನು ತಿದ್ದುವುದು ಬಲು ಕಷ್ಟ. ಇಷ್ಟನ್ನು ನೆನಪಿನಲ್ಲಿಡಿರೆಂದು ಹೇಳಿ ನಮ್ಮ ಮಾತು ಮುಗಿಸುತ್ತೇವೆ.